ರತ್ನಗಂಬಳಿಯ ಕೆಳಗಿನ ಬೀಗದಕೈ

ಹವ್ಯಾಸಿ ನಾಟಕ ಸಂಘಗಳ ವಾರ್ಷಿಕ ಸಭೆಯಲ್ಲಿ ತಪ್ಪದೆ ತಲೆಯೆತ್ತುವ ಪ್ರಶ್ನೆಯೊಂದುಂಟು: “ಈ ಸಲ ಯಾವ ನಾಟಕ?” ಪೌರಾಣಿಕವೆಂದರೆ ಕಿರೀಟ, ಗದೆ, ಜರತಾರಿ ಪೀತಾಂಬರಗಳ ಬಾಡಿಗೆಯೇ ಸಂಘದ ಬೊಕ್ಕಸವನ್ನು ನುಂಗಿಹಾಕುತ್ತದೆ. ಐತಿಹಾಸಿಕವೆಂದರೆ ಮೂವತ್ತು ಮಂದಿ ಪಾತ್ರಧಾರಿಗಳು ಬೇಕು. ಅವರಲ್ಲಿ ಇಪ್ಪತ್ತು ಮಂದಿ ತಾಲೀಮಿಗೆ ಬರುವುದಿಲ್ಲ. ಹಾಸ್ಯನಾಟಕವನ್ನು ಹೋದ ವರ್ಷವೇ ಆಡಿಯಾಗಿದೆ. ಆಗ ಮೂಲೆಯಲ್ಲಿ ಕುಳಿತಿದ್ದ ಕಾರ್ಯದರ್ಶಿಗಳು ಮೆಲ್ಲನೆ ಕೆಮ್ಮಿ, “ಒಂದು ಪತ್ತೇದಾರಿ ನಾಟಕವನ್ನೇಕೆ ಆಡಬಾರದು?” ಎನ್ನುತ್ತಾರೆ. ಒಂದೇ ಕೋಣೆಯ ದೃಶ್ಯ, ಐದಾರು ಪಾತ್ರಗಳು, ಮನೆಯ ಬೀರುವಿನಲ್ಲಿರುವ ಕೋಟು ಷರಾಯಿಗಳೇ ಉಡುಪು. ಸಭೆ ಒಕ್ಕೊರಲಿನಿಂದ ಒಪ್ಪುತ್ತದೆ. ಸಂಘದ ಕಷ್ಟಗಳು ಪ್ರಾರಂಭವಾಗುವುದು ಆ ಕ್ಷಣದಿಂದ.

ಇಂಥ ಸಂಘಗಳಿಗೆ ಬಹುಕಾಲದಿಂದ ನೆಚ್ಚಿನದಾಗಿ ಬಂದಿರುವ ನಾಟಕಗಳಲ್ಲಿ ಫ್ರೆಡರಿಕ್ ನಾಟ್ ಎಂಬ ಆಂಗ್ಲ ಲೇಖಕನ ‘ಡಯಲ್ ಎಂ ಫಾರ್ ಮರ್ಡರ್’ ಒಂದು. ನಾಟ್ ಹುಟ್ಟಿದ್ದು 1916ರಲ್ಲಿ, ಚೀನದ ಹ್ಯಾಂಕೌ ನಗರದಲ್ಲಿ. ಕೇಂಬ್ರಿಜ್‌ನಲ್ಲಿ ಓದುವಾಗ ಒಳ್ಳೆಯ ಟೆನಿಸ್ ಆಟಗಾರನೆನಿಸಿಕೊಂಡಿದ್ದ. ಆ ಆಟವನ್ನೇ ಮುಂದೆ ತನ್ನ ನಾಟಕದ ಖಳನಾಯಕನಿಗೂ ಧಾರೆಯೆರೆದು ಕೊಟ್ಟ. ಆತ 2002ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡಾಗ ಬಿಟ್ಟುಹೋದ ಪ್ರಸಿದ್ಧ ರಂಗಕೃತಿಗಳು ಮೂರೇ ಮೂರು. ಅಷ್ಟು ಕಡಿಮೆ ಬರೆದು ಅಷ್ಟು ಕಾಲ ಸುಖವಾಗಿ ಬಾಳಿದ ನಾಟಕಕಾರರು ವಿರಳ.

ಆದರೆ ಈ ನಾಟಕ ಮೊದಲು ಯಾರಿಗೂ ಬೇಡವಾಗಿತ್ತು. ಲಂಡನ್ನಿನ ನಿರ್ಮಾಪಕರು ಒಬ್ಬರಾದ ಮೇಲೊಬ್ಬರು ಹಸ್ತಪ್ರತಿಯನ್ನು ಹಿಂದಿರುಗಿಸಿದರು. ಕೊಲೆಗಾರನ ಯೋಜನೆಯನ್ನು ಮೊದಲನೆಯ ಅಂಕದಲ್ಲೇ ಬಿಟ್ಟುಕೊಟ್ಟ ಮೇಲೆ ಜನ ಇನ್ನೆರಡು ಅಂಕ ಏಕೆ ಕೂರಬೇಕು ಎಂಬ ಸಂದೇಹ ಯಾರಿಗಾದರೂ ಬರುವಂಥದೇ. ಕೊನೆಗೆ ಬಿ.ಬಿ.ಸಿ. ಅದನ್ನು ಕೈಗೆತ್ತಿಕೊಂಡು 1952ರ ಮಾರ್ಚ್ 23ರಂದು ಟೆಲಿವಿಷನ್ನಿನಲ್ಲಿ ನೇರವಾಗಿ ಪ್ರದರ್ಶಿಸಿತು. ನೋಡಿದವರು ಮೆಚ್ಚಿದರು. ಚಿತ್ರದ ಹಕ್ಕನ್ನು ಅಲೆಗ್ಸಾಂಡರ್ ಕೋರ್ಡ ಕೇವಲ 1,000 ಪೌಂಡುಗಳಿಗೆ ಕೊಂಡ. ಅದೇ ವರ್ಷದ ಜೂನ್ ತಿಂಗಳಲ್ಲಿ ನಾಟಕ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ರಂಗಮಂದಿರವನ್ನೂ, ಅಕ್ಟೋಬರಿನಲ್ಲಿ ನ್ಯೂಯಾರ್ಕನ್ನೂ ಏರಿತು. ನ್ಯೂಯಾರ್ಕಿನಲ್ಲಿ 552 ಪ್ರಯೋಗಗಳಾದವು. 1954ರಲ್ಲಿ ಹಿಚ್‌ಕಾಕ್ ಇದನ್ನು ಗ್ರೇಸ್ ಕೆಲಿಯ ಅಭಿನಯದಲ್ಲಿ ಚಿತ್ರವಾಗಿಸಿದ. 1985ರ ‘ಐತಬಾರ್’ ಎಂಬ ಹಿಂದೀ ಚಿತ್ರವನ್ನು ನೋಡಿದವರಿಗೂ ಈ ಕಥೆ ಅಪರಿಚಿತವೇನಲ್ಲ.

ಕಥೆ ಸರಳ. ಲಂಡನ್ನಿನ ಮೇಡಾವೇಲ್ ಬಡಾವಣೆಯ ಒಂದು ಮನೆ. ಗಂಡ ಟೋನಿ ವೆಂಡಿಸ್, ಆಟವನ್ನು ಬಿಟ್ಟ ಟೆನಿಸ್ ಪಟು, ಹಣವೆಲ್ಲ ಹೆಂಡತಿಯದು. ಆಕೆಯ ಮನಸ್ಸು ಒಮ್ಮೆ ಬೇರೊಬ್ಬನ ಕಡೆಗೆ ತಿರುಗಿತ್ತೆಂಬುದು ಗಂಡನಿಗೆ ಗೊತ್ತು. ಗಂಡನಿಗೆ ಗೊತ್ತೆಂಬುದು ಆಕೆಗೆ ಗೊತ್ತಿಲ್ಲ. ಕಾಲೇಜಿನ ದಿನಗಳಲ್ಲಿ ತನಗೆ ಪರಿಚಿತನಾಗಿದ್ದ ಒಬ್ಬ ಮೋಸಗಾರನನ್ನು ಟೋನಿ ಮನೆಗೆ ಕರೆಸಿ, ಅವನ ಹಳೆಯ ಪಾಪಗಳ ಪಟ್ಟಿಯನ್ನು ಮುಂದಿಟ್ಟು, ಕೊಲೆಗೆ ಒಪ್ಪಿಸುತ್ತಾನೆ. ಯೋಜನೆ ಹೀಗೆ: ಹೆಂಡತಿಯ ಕೈಚೀಲದಿಂದ ಬೀಗದಕೈಯನ್ನು ಕದ್ದು, ಹೊರಗಿನ ಮೆಟ್ಟಿಲಿನ ರತ್ನಗಂಬಳಿಯ ಕೆಳಗೆ ಇಡುವುದು. ಬಂದವನು ಅದರಿಂದ ಬಾಗಿಲು ತೆರೆದು ಪರದೆಯ ಹಿಂದೆ ನಿಲ್ಲುವುದು. ಔತಣಕೂಟಕ್ಕೆ ಹೋದ ಗಂಡ ಗೊತ್ತಾದ ವೇಳೆಗೆ ಅಲ್ಲಿಂದ ಟೆಲಿಫೋನ್ ಮಾಡುವುದು. ಗಂಟೆಯ ಸದ್ದಿಗೆ ಹೆಂಡತಿ ಹಾಸಿಗೆ ಬಿಟ್ಟೆದ್ದು ಬರುವಳು, ಪರದೆ ಸರಿಯುವುದು.

ನಡೆಯುವುದೇ ಬೇರೆ. ಆ ರಾತ್ರಿ ಸಿನಿಮಾಕ್ಕೆ ಹೊರಟಿದ್ದ ಹೆಂಡತಿಯನ್ನು ಮನೆಯಲ್ಲೇ ನಿಲ್ಲಿಸಿಕೊಳ್ಳುವುದಕ್ಕಾಗಿ ಗಂಡ ತನ್ನ ಕುರಿತ ಪತ್ರಿಕಾ ವರದಿಗಳನ್ನು ಕತ್ತರಿಸಿ ಅಂಟಿಸುವ ಕೆಲಸವನ್ನು ಆಕೆಗೆ ಒಪ್ಪಿಸಿರುತ್ತಾನೆ. ಆದುದರಿಂದ ಮೇಜಿನ ಬಳಿ ಒಂದು ಕತ್ತರಿ ಉಳಿದುಕೊಂಡಿರುತ್ತದೆ. ಕುತ್ತಿಗೆಗೆ ಉರುಳು ಬಿದ್ದ ಹೆಣ್ಣಿನ ಕೈ ತಡಕಾಡಿ ಆ ಕತ್ತರಿಯನ್ನು ಹಿಡಿಯುತ್ತದೆ. ಗಂಡ ಮನೆಗೆ ಓಡಿಬಂದಾಗ ನೆಲದ ಮೇಲೆ ಬಿದ್ದಿರುವುದು ಹೆಂಡತಿಯ ದೇಹವಲ್ಲ. ಅವನು ಸತ್ತವನ ಜೇಬಿನಿಂದ ಬೀಗದಕೈಯನ್ನು ತೆಗೆದುಕೊಳ್ಳುತ್ತಾನೆ. ಮುಂದಿನದನ್ನು ಇಲ್ಲಿ ಬರೆಯುವುದು ಸಭ್ಯತೆಯಲ್ಲ. ಅದೇ 1952ರ ನವೆಂಬರಿನಿಂದ ಲಂಡನ್ನಿನಲ್ಲಿ ನಡೆದುಬರುತ್ತಿರುವ ಅಗಾಥಾ ಕ್ರಿಸ್ಟಿಯ ‘ದಿ ಮೌಸ್‌ಟ್ರ್ಯಾಪ್’ ನಾಟಕದ ಕೊನೆಯಲ್ಲಿ, ಕೊಲೆಗಾರನಾರೆಂಬುದನ್ನು ಹೊರಗೆ ಯಾರಿಗೂ ಹೇಳಬೇಡಿರೆಂದು ಪ್ರೇಕ್ಷಕರನ್ನು ಬೇಡಿಕೊಳ್ಳುವ ಸಂಪ್ರದಾಯವಿದೆ. 2020ರ ಮಾರ್ಚ್‌ನಿಂದ 2021ರ ಮೇ ತಿಂಗಳವರೆಗೆ ಸಾಂಕ್ರಾಮಿಕದ ಕಾರಣ ಬಾಗಿಲು ಮುಚ್ಚಿದ್ದುಂಟು. ಆಗಲೂ ಗುಟ್ಟು ಗುಟ್ಟಾಗಿಯೇ ಉಳಿಯಿತು. ಅಂಥ ಸಭ್ಯತೆಯನ್ನು ಇಲ್ಲಿಯೂ ಪಾಲಿಸುವುದು ಲೇಸು.

ಅಂಗೈಯಗಲದ ವಸ್ತುವೊಂದು ಮನುಷ್ಯರ ಹಣೆಬರಹವನ್ನು ತಿರುಗಿಸುವುದು ನಮ್ಮವರಿಗೆ ಹೊಸದಲ್ಲ. ವಿಶಾಖದತ್ತನ ‘ಮುದ್ರಾರಾಕ್ಷಸ’ದಲ್ಲಿ ರಾಕ್ಷಸಮಂತ್ರಿಯ ಮುದ್ರೆಯುಂಗುರ ಚಾಣಕ್ಯನ ಕೈಗೆ ಸಿಕ್ಕಿದ ಕ್ಷಣದಿಂದ ಇಡೀ ನಾಟಕ ಅದರ ಸುತ್ತ ತಿರುಗುತ್ತದೆ. ಆ ಕಥೆಯನ್ನೇ ಕೆಂಪುನಾರಾಯಣ 1823ರಲ್ಲಿ ‘ಮುದ್ರಾಮಂಜೂಷ’ವೆಂದು ಕನ್ನಡಕ್ಕೆ ತಂದ. ಅಲ್ಲಿಯೂ ಉಂಗುರ ಯಾರ ಬಳಿ ಇದೆಯೆಂಬುದು ನಮಗೆ ಗೊತ್ತು, ರಾಕ್ಷಸನಿಗೆ ಗೊತ್ತಿಲ್ಲ. ಹಿಚ್‌ಕಾಕ್ ಫ್ರಾನ್ಸಿನ ನಿರ್ದೇಶಕ ತ್ರೂಫೋ ಜತೆ 1962ರಲ್ಲಿ ನಡೆಸಿದ ದೀರ್ಘ ಸಂಭಾಷಣೆಯಲ್ಲಿ ಇದನ್ನೇ ಬೇರೊಂದು ಬಗೆಯಲ್ಲಿ ವಿವರಿಸಿದ. ಇಬ್ಬರು ಕುಳಿತು ಮಾತನಾಡುತ್ತಿರುವ ಮೇಜಿನ ಕೆಳಗೆ ಬಾಂಬು ಸಿಡಿದರೆ ನೋಡುವವರು ಕ್ಷಣಕಾಲ ಬೆಚ್ಚುತ್ತಾರೆ. ಬಾಂಬು ಅಲ್ಲಿರುವುದು ಮೊದಲೇ ನೋಡುವವರಿಗೆ ತಿಳಿದಿದ್ದರೆ ಆ ಮಾತು ಮುಗಿಯುವವರೆಗೂ ತುದಿಗಾಲಲ್ಲಿ ಕೂರುತ್ತಾರೆ. ಡೊಂಕು ತಿಳಿವಳಿಕೆಯ ಲಂಡನ್ ನಿರ್ಮಾಪಕರಿಗೆ ಹೊಳೆಯದೆ ಹೋದದ್ದು ಇಷ್ಟೇ.

ಈ ಸಿದ್ಧಾಂತ ಕೇಳಲು ಸೊಗಸು. ಅದರ ಭಾರವೆಲ್ಲ ಬೀಳುವುದು ಸಂಘದ ಬಡಪಾಯಿ ಪರಿಕರ ವ್ಯವಸ್ಥಾಪಕನ ಮೇಲೆ. ಪೌರಾಣಿಕ ನಾಟಕದಲ್ಲಿ ಭೀಮ ಗದೆಯನ್ನು ಮರೆತು ಬಂದರೂ ಒಂದು ಕಂದಪದ್ಯ ಹೆಚ್ಚಾಗಿ ಹಾಡಿ ಪಾರಾಗಬಹುದು. ಇಲ್ಲಿ ಕತ್ತರಿ ಮೇಜಿನ ಎಡಗಡೆಗೆ ಬದಲು ಬಲಗಡೆಗಿದ್ದರೆ ನಾಯಿಕೆ ಸಾಯಬೇಕಾಗುತ್ತದೆ! ನಾಟಕದ ಅರ್ಧಭಾಗವೂ ಆಕೆಯೊಡನೆ ಸಾಯುತ್ತದೆ. ಸಾಮುಯೆಲ್ ಫ್ರೆಂಚ್ ಮುಂತಾದ ಪ್ರಕಾಶಕರು ಹವ್ಯಾಸಿಗಳಿಗಾಗಿಯೇ ಅಚ್ಚುಮಾಡುವ ರಂಗಪ್ರತಿಗಳ ಕೊನೆಯ ಪುಟಗಳಲ್ಲಿ ಕೋಣೆಯ ನಕ್ಷೆ, ಪರಿಕರಗಳ ಪಟ್ಟಿ, ಬೆಳಕಿನ ಕ್ರಮ ಎಲ್ಲವನ್ನೂ ಕೊಟ್ಟಿರುತ್ತಾರೆ. ಪಾತ್ರಧಾರಿಗಳು ಆ ಪುಟಗಳನ್ನು ತೆರೆಯುವುದಿಲ್ಲ. ಪರಿಕರ ವ್ಯವಸ್ಥಾಪಕ ಅವನ್ನೇ ಬಾಯಿಪಾಠ ಮಾಡಬೇಕು. ಒಂದೇ ತರಹದ ಬೀಗದಕೈಗಳು ಈ ನಾಟಕದಲ್ಲಿ ಒಂದಕ್ಕಿಂತ ಹೆಚ್ಚು. ಪಾತ್ರಗಳ ಕಣ್ಣಿಗೆ ಅವು ಒಂದೇ ಆಗಿ ಕಾಣಬೇಕು. ಅವನ ಕಣ್ಣಿಗೆ ಕತ್ತಲಲ್ಲಿಯೂ ಬೇರೆಬೇರೆಯಾಗಿ ತಿಳಿಯಬೇಕು. ಬುದ್ಧಿವಂತನಾದರೆ ಒಂದೊಂದಕ್ಕೆ ಒಂದೊಂದು ಬಗೆಯ ನೂಲನ್ನು ಸುತ್ತಿ ಕೈಬೆರಳಿಗೆ ಗುರುತು ಮಾಡಿಕೊಳ್ಳುತ್ತಾನೆ.

ಬಾಗಿಲು ತೆರೆದಾಗ ಹೊರಗಿನ ಮೆಟ್ಟಿಲು ಸಭಿಕರಿಗೆ ಕಾಣಬೇಕು. ವೇದಿಕೆಯ ನಟ್ಟನಡುವೆ ನಿಂತು ನೋಡುವ ನಿರ್ದೇಶಕನಿಗೆ ಅದು ಚೆನ್ನಾಗಿಯೇ ಕಾಣುತ್ತದೆ. ಎಡಗಡೆಯ ಕೊನೆಯ ಸಾಲಿನಲ್ಲಿ ಕಂಬದ ಪಕ್ಕಕ್ಕೆ ಕುಳಿತ ಸಂಸಾರಕ್ಕೆ ಕಾಣುವುದು ಬಾಗಿಲಿನ ಬೆನ್ನು ಮಾತ್ರ. ಅವರ ಪಾಲಿಗೆ ಬೀಗದಕೈ ರತ್ನಗಂಬಳಿಯ ಕೆಳಗೆ ಹೋಗಲೇ ಇಲ್ಲ. ಎಲ್ಲರೂ ಉಸಿರು ಬಿಗಿಹಿಡಿದಾಗ ಅವರು ಚೌಚೌ ಪೊಟ್ಟಣ ಬಿಚ್ಚುತ್ತಾರೆ. ತಾಲೀಮಿನ ಒಂದು ಸಂಜೆಯನ್ನು ಪೂರ್ತಿಯಾಗಿ ಸಭಾಂಗಣದ ಮೂಲೆಮೂಲೆಯ ಕುರ್ಚಿಗಳಲ್ಲಿ ಕುಳಿತು ನೋಡುವುದಕ್ಕೇ ಮೀಸಲಿಡುವ ನಿರ್ದೇಶಕ ಅನುಭವಸ್ಥನೆಂದು ತಿಳಿಯಬೇಕು.

ಎಲ್ಲಕ್ಕಿಂತ ಕಠಿನವಾದದ್ದು ಟೆಲಿಫೋನ್ ಗಂಟೆ. ಆ ಗಂಟೆ ಮೇಜಿನ ಮೇಲಿನ ಉಪಕರಣದಲ್ಲಿರುವುದಿಲ್ಲ. ಪಕ್ಕದ ನೇಪಥ್ಯದಲ್ಲಿ ಬ್ಯಾಟರಿಗೆ ಜೋಡಿಸಿದ ಮನೆಬಾಗಿಲ ಗಂಟೆಯೊಂದು, ಅದರ ಗುಂಡಿಯ ಮೇಲೆ ಒಬ್ಬನ ಬೆರಳು. ಈಗೀಗ ಧ್ವನಿಮುದ್ರಿತ ಸದ್ದನ್ನೂ ಬಳಸುವುದುಂಟು. ಬೆರಳು ಮಾತ್ರ ಬೇಕೇ ಬೇಕು. ನಾಯಿಕೆ ರಿಸೀವರನ್ನು ಎತ್ತಿದ ಕ್ಷಣಕ್ಕೆ ಸರಿಯಾಗಿ ಸದ್ದು ನಿಲ್ಲಬೇಕು. ಅರ್ಧ ಕ್ಷಣ ಮುಂಚೆ ನಿಂತರೆ ಆಕೆ ಮೂಕವಾದ ಉಪಕರಣದತ್ತ ಓಡಿಬಂದಂತಾಗುತ್ತದೆ. ಅರ್ಧ ಕ್ಷಣ ತಡವಾದರೆ “ಹಲೋ” ಎಂದ ಮೇಲೂ ಗಂಟೆ ಹೊಡೆದುಕೊಳ್ಳುತ್ತಿರುತ್ತದೆ; ಹಿಂದಿನ ಸಾಲಿನಿಂದ ಒಂದು ನಗೆ ಕೇಳಿಸುತ್ತದೆ. ಕೊಲೆಗಾರ ಪರದೆಯಿಂದ ಹೊರಬರುವುದು ಆ ನಗೆಯ ನಡುವೆ.

ಆ ಗುಂಡಿಯ ಬಳಿ ಯಾರನ್ನು ಕೂರಿಸುತ್ತಾರೆ? ಸಂಘಕ್ಕೆ ಹತ್ತು ವರ್ಷಗಳಿಂದ ಚಂದಾ ಕೊಡುತ್ತ ಬಂದು, ಸಭಾಕಂಪನದ ದೆಸೆಯಿಂದ ಒಮ್ಮೆಯೂ ಬಣ್ಣ ಹಚ್ಚದ ಒಬ್ಬ ಸದಸ್ಯ ಪ್ರತಿಯೊಂದು ಸಂಘದಲ್ಲಿಯೂ ಇರುತ್ತಾನೆ. ಕುರ್ಚಿ ಜೋಡಿಸಿ, ಟಿಕೆಟ್ ಮಾರಿ, ನಾಟಕ ನಡೆಯುವಾಗ ಕಾಫಿಯ ಉಸ್ತುವಾರಿಗೆ ನಿಲ್ಲುವವನು. ಈ ನಾಟಕದಲ್ಲಿ ಅವನಿಲ್ಲದೆ ನಡೆಯುವುದಿಲ್ಲ. ಟೋನಿಯ ಪಾತ್ರಧಾರಿ ಎರಡು ಮಾತು ಮರೆತರೂ ಪ್ರಾಂಪ್ಟರ್ ಒದಗುತ್ತಾನೆ. ಗಂಟೆಯವನಿಗೆ ಪ್ರಾಂಪ್ಟರ್ ಇಲ್ಲ. ತಾಲೀಮಿನಲ್ಲಿ ನಾಯಿಕೆಯ ಪಾತ್ರಧಾರಿಣಿ, ಅವಳು ಹಗಲಿನಲ್ಲಿ ಶಾಲೆಯ ಉಪಾಧ್ಯಾಯಿನಿಯಾಗಿರಲಿ ಬ್ಯಾಂಕಿನ ನೌಕರಳಾಗಿರಲಿ, ತನ್ನ ಕುತ್ತಿಗೆಗೆ ಶಾಲು ಸುತ್ತುವವನ ಕೈಗಿಂತ ಹೆಚ್ಚಾಗಿ ಇವನ ಬೆರಳನ್ನು ನಂಬಲು ಕಲಿಯುತ್ತಾಳೆ. ಇಬ್ಬರೂ ಮೂವತ್ತು ನಲವತ್ತು ಸಲ ಅದೊಂದೇ ತುಣುಕನ್ನು ಮಾಡಬೇಕು: ಬಾಗಿಲಿನಿಂದ ಮೇಜಿಗೆ ಏಳು ಹೆಜ್ಜೆ, ಕೈ ಚಾಚುವುದು, ಎತ್ತುವುದು, ಮೌನ. ಬೇರೆ ಪಾತ್ರಧಾರಿಗಳು ಆಕಳಿಸುತ್ತ ಗಡಿಯಾರ ನೋಡುತ್ತಾರೆ.

ಇಂದಿನ ತರುಣರಿಗೆ ಇನ್ನೊಂದು ಪೀಕಲಾಟ. ಡಯಲು ತಿರುಗಿಸುವ ಟೆಲಿಫೋನನ್ನು ಅವರು ಮುಟ್ಟಿಯೇ ಇಲ್ಲ. ಬೆರಳಿಟ್ಟು ಕೊನೆಯವರೆಗೆ ತಿರುಗಿಸಿ ಬಿಡಬೇಕು, ಅದು ತಾನಾಗಿ ಹಿಂದಿರುಗುವವರೆಗೆ ಕಾಯಬೇಕು, ಆಮೇಲೆ ಮುಂದಿನ ಅಂಕಿ. ಕಾಯುವ ಆ ಕಾಲವೇ ಉದ್ವೇಗದ ಕಾಲವೆಂದು ಹಿಚ್‌ಕಾಕ್ ಬಲ್ಲವನಾಗಿದ್ದ. ಮೂರು ಆಯಾಮದ ತನ್ನ ಚಿತ್ರಕ್ಕಾಗಿ ಆತ ಒಂದು ದೈತ್ಯಾಕಾರದ ಡಯಲನ್ನೂ ಅದಕ್ಕೆ ತಕ್ಕ ದೈತ್ಯ ಬೆರಳನ್ನೂ ಮಾಡಿಸಿ ಚಿತ್ರೀಕರಿಸಿದ! ಹವ್ಯಾಸಿ ಸಂಘಕ್ಕೆ ಅಷ್ಟು ಅನುಕೂಲವಿಲ್ಲ. ಯಾರದೋ ಅಜ್ಜನ ಮನೆಯ ಅಟ್ಟದಿಂದ ಕಪ್ಪು ಉಪಕರಣವೊಂದನ್ನು ಇಳಿಸಿ, ಧೂಳು ಕೊಡವಿ, ನಟರಿಗೆ ಸಂಖ್ಯೆ ತಿರುಗಿಸುವ ಪಾಠ ಮಾಡಬೇಕು.

ಕತ್ತಲೆಯ ವಿಷಯ ಬೇರೆ. ಕೊಲೆಯ ದೃಶ್ಯದಲ್ಲಿ ಕೋಣೆಗೆ ಅಗ್ಗಿಷ್ಟಿಕೆಯ ಕೆಂಪು ಬೆಳಕೊಂದೇ. ಮಲಗುವ ಕೋಣೆಯ ಬಾಗಿಲು ತೆರೆದಾಗ ಒಂದು ಪಟ್ಟಿ ಬೆಳಕು. ನಾಟ್‌ನ 1966ರ ನಾಟಕ ‘ವೇಟ್ ಅಂಟಿಲ್ ಡಾರ್ಕ್’ ಇನ್ನೂ ಮುಂದೆ ಹೋಗುತ್ತದೆ: ಅದರಲ್ಲಿ ಕಣ್ಣಿಲ್ಲದ ಹೆಣ್ಣು ಮನೆಯ ದೀಪಗಳನ್ನೆಲ್ಲ ಆರಿಸಿ ಕೊಲೆಗಾರನನ್ನೂ ತನ್ನಂತೆಯೇ ಕುರುಡನನ್ನಾಗಿಸುತ್ತಾಳೆ, ರೆಫ್ರಿಜರೇಟರಿನ ಬಾಗಿಲೊಳಗಿನ ಪುಟ್ಟ ದೀಪವೊಂದನ್ನು ಮಾತ್ರ ಮರೆತಿರುತ್ತಾಳೆ. ಓದುವಾಗ ಮೈ ನವಿರೇಳುತ್ತದೆ. ಆಡಲು ಹೊರಟರೆ, ಸಭಾಂಗಣದ ಹೊರದಾರಿಯ ಫಲಕಗಳ ಬೆಳಕು, ಬಾಗಿಲ ಸಂದಿನಿಂದ ತೂರಿಬರುವ ಬೀದಿದೀಪ, ಮೂರನೆಯ ಸಾಲಿನ ಮಹನೀಯರ ಅಂಗೈಯಲ್ಲಿ ಹೊಳೆಯುವ ಮೊಬೈಲು ಇವೆಲ್ಲ ಸೇರಿ ಆ ಕತ್ತಲನ್ನು ಹುಣ್ಣಿಮೆಯಾಗಿಸುತ್ತವೆ. ನಿಜವಾಗಿ ಕತ್ತಲಾದರೆ ನಟರು ಮೇಜಿಗೆ ಎಡವುತ್ತಾರೆ. ನೆಲದ ಮೇಲೆ ಬಿಳಿಯ ಪಟ್ಟಿ ಅಂಟಿಸಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹೆಜ್ಜೆ ಎಣಿಸಿ ಕಲಿಯುವುದೊಂದೇ ದಾರಿ.

ಕತ್ತರಿಯಿಂದ ಇರಿಸಿಕೊಂಡವನ ಪಾಡಂತೂ ಹೇಳತೀರದು. ಬೆನ್ನನ್ನು ಸಭಿಕರಿಗೆ ತೋರಿಸದೆ ಮೇಜಿನ ಮರೆಗೆ ಬೀಳಬೇಕು. ಬಿದ್ದ ಮೇಲೆ ಅವನಿಗೆ ಮಾತಿಲ್ಲ, ಚಲನೆಯಿಲ್ಲ. ಗಂಡ ಬಂದು ಜೇಬು ತಡಕುವವರೆಗೂ, ಅದರಾಚೆಗೂ ಹಾಗೆಯೇ ಇರಬೇಕು. ನಮ್ಮ ಸಭಾಂಗಣಗಳ ವೇದಿಕೆಯ ಧೂಳು ಲೋಕಪ್ರಸಿದ್ಧ. ಒಂದು ಸೀನು, ಅಷ್ಟೇ! ಹೆಣ ಸೀನಿದ ನಾಟಕವೆಂದು ಆ ಬಡಾವಣೆಯ ಮದುವೆಮನೆಗಳಲ್ಲಿ ಮುಂದಿನ ಹತ್ತು ವರ್ಷ ಅದನ್ನು ನೆನೆಯುತ್ತಾರೆ. ವೃತ್ತಿನಟ ಮಾರನೆಯ ದಿನ ಬೇರೆ ಊರಿಗೆ ಹೋಗುತ್ತಾನೆ. ಹವ್ಯಾಸಿ ನಟ ಸೋಮವಾರ ಬೆಳಗ್ಗೆ ಅದೇ ಕಛೇರಿಗೆ, ಅದೇ ಹಾಲಿನಂಗಡಿಗೆ, ಟಿಕೆಟ್ ಕೊಂಡ ಅದೇ ನೆರೆಹೊರೆಯವರ ನಡುವೆ ಹೋಗಬೇಕು. ಆರು ತಿಂಗಳ ಸಂಜೆಗಳನ್ನು ಸಂಸಾರದಿಂದ ಕಡ ತೆಗೆದುಕೊಂಡು ಶನಿವಾರ ಭಾನುವಾರದ ಎರಡು ಪ್ರಯೋಗಗಳಿಗೆ ಸುರಿದವರಿಗೆ ಅದು ಸಣ್ಣ ಮಾತಲ್ಲ.

ಬೆಂಗಳೂರಿಗೆ ಈ ಹುಚ್ಚು ಹಳೆಯದು. ಅಮೆಚೂರ್ ಡ್ರಾಮಾಟಿಕ್ ಅಸೋಸಿಯೇಷನ್ ಇಲ್ಲಿ ಹುಟ್ಟಿದ್ದು 1909ರಲ್ಲಿ; ಇಂಗ್ಲಿಷ್ ನಾಟಕಗಳಿಗೆ ಹೆಸರಾದ ಬೆಂಗಳೂರು ಲಿಟಲ್ ಥಿಯೇಟರ್ 1960ರಲ್ಲಿ. 2004ರಲ್ಲಿ ತೆರೆದ ರಂಗಶಂಕರದಲ್ಲಿ ನಾಟಕ ಪ್ರಾರಂಭವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲವೆಂಬ ನಿಯಮವಿದೆ. ಕೆಲವರು ಅದನ್ನು ಬಿಗುಮಾನವೆಂದು ಗೊಣಗುತ್ತಾರೆ. ಪತ್ತೇದಾರಿ ನಾಟಕ ಆಡುವವರನ್ನು ಕೇಳಿದರೆ ಅದಕ್ಕೆ ಕೈಮುಗಿಯುತ್ತಾರೆ. ಮೊದಲನೆಯ ಅಂಕದಲ್ಲಿ ಗಂಡ ಯೋಜನೆಯನ್ನು ವಿವರಿಸುವಾಗಲೇ ತಡವಾಗಿ ಬಂದ ದಂಪತಿಗಳು ನಾಲ್ಕು ಮಂದಿಯನ್ನು ಎಬ್ಬಿಸಿ ನಿಲ್ಲಿಸಿ, “ಯಾರವನು? ಏನು ಹೇಳಿದ?” ಎಂದು ಕೇಳತೊಡಗಿದರೆ, ಆ ಸಾಲಿನವರಿಗೆ ಉಳಿದ ನಾಟಕವೆಲ್ಲ ಗ್ರೀಕು ಲ್ಯಾಟಿನ್ ಆಗುತ್ತದೆ.

ಇಷ್ಟೆಲ್ಲ ತೊಡಕಿದ್ದೂ ಸಂಘಗಳು ಈ ನಾಟಕವನ್ನು ಕೈಬಿಟ್ಟಿಲ್ಲ. 2022ರಲ್ಲಿ ಅಮೆರಿಕದ ಜೆಫ್ರಿ ಹ್ಯಾಚರ್ ಇದನ್ನು ಹೊಸದಾಗಿ ಅಳವಡಿಸಿದಾಗ ಪ್ರಿಯತಮ ಮ್ಯಾಕ್ಸ್‌ನನ್ನು ಮ್ಯಾಕ್ಸೀನ್ ಎಂಬ ಹೆಂಗಸನ್ನಾಗಿ ಮಾಡಿದ. ಕಾಲ ಬದಲಾಗಿದೆ, ಬೀಗದಕೈ, ಕತ್ತರಿ, ಟೆಲಿಫೋನುಗಳನ್ನು ಮುಟ್ಟುವ ಧೈರ್ಯ ಅವನಿಗೂ ಬರಲಿಲ್ಲ.

ಎಲ್ಲವೂ ಸರಿಯಾಗಿ ನಡೆದ ರಾತ್ರಿಯೊಂದು ಬರುತ್ತದೆ. ಗಂಟೆ ಹೊಡೆಯುತ್ತದೆ, ಏಳು ಹೆಜ್ಜೆ, ರಿಸೀವರ್ ಮೇಲೇಳುತ್ತದೆ, ಸದ್ದು ಕತ್ತರಿಸಿದಂತೆ ನಿಲ್ಲುತ್ತದೆ. ಸಭಾಂಗಣದಲ್ಲಿ ಯಾರೋ ಒಬ್ಬ ಹೆಂಗಸು ಪಕ್ಕದವಳ ತೋಳನ್ನು ಹಿಡಿದುಕೊಳ್ಳುತ್ತಾಳೆ. ನೇಪಥ್ಯದ ಕತ್ತಲಲ್ಲಿ ಗುಂಡಿಯಿಂದ ಬೆರಳನ್ನು ತೆಗೆದವನಿಗೆ ಆ ನಿಶ್ಶಬ್ದ ಕೇಳಿಸುತ್ತದೆ. ಅಂಕದ ಪರದೆ ಬಿದ್ದು, ನಟರು ಸಾಲಾಗಿ ನಿಂತು ನಮಸ್ಕರಿಸಿ, ಹಾರ ತುರಾಯಿಗಳೆಲ್ಲ ಮುಗಿದ ಮೇಲೆ ಪರಿಕರ ವ್ಯವಸ್ಥಾಪಕನೂ ಅವನೂ ಖಾಲಿ ರಂಗದ ಮೇಲೆ ಮೊಣಕಾಲೂರಿ ಬೀಗದಕೈಗಳನ್ನು ಎಣಿಸಿ ಡಬ್ಬಿಗೆ ಹಾಕುತ್ತಾರೆ. ನಾಳೆ ಭಾನುವಾರ, ಎರಡನೆಯ ಪ್ರಯೋಗ.